ಬಾಡಿಗೆ ಮನೆ, ಬ್ಯಾಂಕ್ ಸಾಲ ಮತ್ತು ತೆರಿಗೆಯ ಲೆಕ್ಕ

"ಬಾಡಿಗೆ ಬರುವುದು ಹದಿನೈದು ಸಾವಿರ. ಬ್ಯಾಂಕಿಗೆ ಹೋಗುವ ಕಂತು ಇಪ್ಪತ್ತು ಸಾವಿರ. ಕೈಯಿಂದಲೇ ಐದು ಸಾವಿರ ಸೇರಿಸಿ ಕಟ್ಟುತ್ತಿರುವಾಗ ನಮಗೆ ಆದಾಯ ತೆರಿಗೆ ಎಲ್ಲಿಂದ?"

ಸಾಲ ಮಾಡಿ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟ ಕುಟುಂಬಗಳಲ್ಲಿ ಸಾಮಾನ್ಯವಾಗಿ ಕೇಳಿ ಬರುವ ಪ್ರಶ್ನೆ ಇದು. ಮೇಲ್ನೋಟಕ್ಕೆ ನ್ಯಾಯವಾದ ಪ್ರಶ್ನೆಯೇ. ಆದರೆ ಅಡುಗೆ ಮನೆಯ ಲೆಕ್ಕವೂ ತೆರಿಗೆ ಇಲಾಖೆಯ ಲೆಕ್ಕವೂ ಒಂದೇ ಅಲ್ಲ. ನಮ್ಮ ಕೈಯಿಂದ ಹಣ ಹೋಯಿತು ಎಂಬ ಮಾತ್ರಕ್ಕೆ ಕಾನೂನು ಅದನ್ನು ಖರ್ಚೆಂದು ಒಪ್ಪುವುದಿಲ್ಲ. ಯಾವ ಖರ್ಚು, ಯಾರ ಹೆಸರಿನಲ್ಲಿ, ಯಾವ ಉದ್ದೇಶಕ್ಕೆ ಎಂದು ಕೇಳುತ್ತದೆ. ಈ ಮೂರು ಪ್ರಶ್ನೆಗಳಿಗೆ ಉತ್ತರ ಸರಿಯಾಗಿದ್ದರೆ ತೆರಿಗೆ ಬಹಳಷ್ಟು ಕಡಿಮೆಯಾಗುತ್ತದೆ. ಉತ್ತರ ತಪ್ಪಿದ್ದರೆ ವರ್ಷಗಟ್ಟಲೆ ಬಡ್ಡಿ ಕಟ್ಟಿಯೂ ಒಂದು ರೂಪಾಯಿ ವಿನಾಯಿತಿ ಸಿಗುವುದಿಲ್ಲ.

ಈ ವಿಚಾರ ಗಂಡಸರಿಗೆ ಬಿಟ್ಟದ್ದು ಎಂದು ಪುಟ ಮಗುಚಬೇಡಿ. ಪತಿ ಅಥವಾ ಮಗ ವಿದೇಶದಲ್ಲಿ ದುಡಿಯುವ ಮನೆಗಳಲ್ಲಿ ಬಾಡಿಗೆ ಪಡೆಯುವವರು, ರಸೀದಿ ಕೊಡುವವರು, ಮನೆ ತೆರಿಗೆ ಕಟ್ಟುವವರು ಹೆಚ್ಚಾಗಿ ಮಹಿಳೆಯರೇ. ಎಷ್ಟೋ ಮನೆಗಳು ಅವರ ಹೆಸರಿನಲ್ಲೇ ಇವೆ. ಹೆಸರು ಇರುವವರಿಗೆ ನೋಟೀಸು ಬರುತ್ತದೆ. ಹಾಗಾಗಿ ಲೆಕ್ಕವೂ ಅವರಿಗೇ ತಿಳಿದಿರಬೇಕು.

ಬಾಡಿಗೆಯಿಂದ ಏನೇನು ಕಳೆಯಬಹುದು?

ಕಟ್ಟಡದ ಬಾಡಿಗೆಯನ್ನು ಕಾನೂನು "ಮನೆ ಆಸ್ತಿಯಿಂದ ಬರುವ ಆದಾಯ" ಎಂಬ ಪ್ರತ್ಯೇಕ ಶೀರ್ಷಿಕೆಯ ಕೆಳಗೆ ಇಟ್ಟಿದೆ. ವಾಸದ ಮನೆಯಷ್ಟೇ ಅಲ್ಲ, ಬಾಡಿಗೆಗೆ ಕೊಟ್ಟ ಅಂಗಡಿ ಕೋಣೆಯೂ ಇದರಲ್ಲೇ ಬರುತ್ತದೆ. ಇಲ್ಲಿ ಕಳೆಯಲು ಅವಕಾಶವಿರುವುದು ಮೂರೇ ಮೂರು.

ಮೊದಲನೆಯದು ನಗರಪಾಲಿಕೆ, ಪುರಸಭೆ ಅಥವಾ ಪಂಚಾಯತ್‌ಗೆ ಕಟ್ಟುವ ಮನೆ ತೆರಿಗೆ. ಅದನ್ನು ಮಾಲಕರೇ ಕಟ್ಟಿರಬೇಕು, ಅದೇ ವರ್ಷದಲ್ಲಿ ಕಟ್ಟಿರಬೇಕು. ಬಾಕಿ ಇಟ್ಟ ತೆರಿಗೆಯನ್ನು ಕಳೆಯುವಂತಿಲ್ಲ. ಬಾಡಿಗೆದಾರ ಕಟ್ಟಿದ್ದನ್ನೂ ಕಳೆಯುವಂತಿಲ್ಲ.

ಎರಡನೆಯದು, ಉಳಿದ ಮೊತ್ತದ ಶೇ. 30. ಇದು ದುರಸ್ತಿ, ಸುಣ್ಣಬಣ್ಣ, ವಿಮೆ ಮುಂತಾದ ಎಲ್ಲ ಖರ್ಚಿಗೂ ಸೇರಿಸಿ ಕಾನೂನು ಕೊಡುವ ರಿಯಾಯಿತಿ. ನೀವು ಒಂದು ಪೈಸೆ ಖರ್ಚು ಮಾಡದಿದ್ದರೂ ಶೇ. 30 ಸಿಗುತ್ತದೆ. ಛಾವಣಿ ಸೋರಿ ಲಕ್ಷ ರೂಪಾಯಿ ಹಾಕಿದರೂ ಶೇ. 30 ಮಾತ್ರವೇ. ರಸೀದಿ ತೋರಿಸಬೇಕಾದ ಅಗತ್ಯವಿಲ್ಲ. ಬಾಡಿಗೆದಾರನನ್ನು ಹುಡುಕಿಕೊಟ್ಟ ದಲ್ಲಾಳಿಗೆ ಕೊಟ್ಟ ಹಣ, ಕಾವಲುಗಾರನ ಸಂಬಳ, ಬಾವಿ ಪಂಪಿನ ರಿಪೇರಿ ಇವನ್ನೆಲ್ಲ ಪ್ರತ್ಯೇಕವಾಗಿ ಕೇಳುವಂತಿಲ್ಲ.

ಮೂರನೆಯದೇ ಸಾಲದ ಬಡ್ಡಿ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು 24ನೇ ಸೆಕ್ಷನ್‌ನಲ್ಲಿತ್ತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಹೊಸ ಕಾಯ್ದೆಯಲ್ಲಿ 22ನೇ ಸೆಕ್ಷನ್‌ಗೆ ಬಂದಿದೆ. ಸಂಖ್ಯೆ ಬದಲಾಗಿದೆ, ತಿರುಳು ಅದೇ. 2025-26ರ ಸಾಲಿನ ಆದಾಯದವರೆಗೆ ಹಳೆ ಕಾಯ್ದೆಯೇ.

ಗಮನಿಸಿ, ಕಳೆಯಬಹುದಾದದ್ದು ಬಡ್ಡಿಯನ್ನು ಮಾತ್ರ. ಪ್ರತಿ ತಿಂಗಳ ಕಂತಿನಲ್ಲಿ ಬಡ್ಡಿ ಒಂದು ಪಾಲು, ಅಸಲು ಒಂದು ಪಾಲು. ಅಸಲಿಗೆ ಬಾಡಿಗೆಯ ಲೆಕ್ಕದಲ್ಲಿ ಜಾಗವಿಲ್ಲ. ಅದು ನಿಮ್ಮ ಆಸ್ತಿಯಾಗಿ ಉಳಿಯುವ ಹಣ. ವಾಸದ ಮನೆಯ ಸಾಲವನ್ನು ಬ್ಯಾಂಕ್‌ನಂತಹ ಸಂಸ್ಥೆಗಳಿಂದ ಪಡೆದಿದ್ದರೆ, ಹಳೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ ಅಸಲಿಗೆ ಬೇರೆ ಕಡೆ ರಿಯಾಯಿತಿ ಇದೆ. ವಿಮೆ, ಭವಿಷ್ಯನಿಧಿ ಮುಂತಾದವೆಲ್ಲ ಸೇರಿ ಅದರ ಮಿತಿ ಒಂದೂವರೆ ಲಕ್ಷ ರೂಪಾಯಿ.

ಒಂದು ಲೆಕ್ಕ ಮಾಡೋಣ

ಆರಂಭದ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ತಿಂಗಳಿಗೆ 15,000 ರೂ. ಎಂದರೆ ವರ್ಷಕ್ಕೆ 1,80,000 ರೂ. ಬಾಡಿಗೆ. ಮನೆ ತೆರಿಗೆ 6,000 ರೂ. ಕಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಉಳಿದದ್ದು 1,74,000. ಅದರ ಶೇ. 30 ಎಂದರೆ 52,200. ಅದನ್ನೂ ಕಳೆದರೆ 1,21,800.

ಈಗ ಬ್ಯಾಂಕಿನ ಕಂತು. ವರ್ಷಕ್ಕೆ 2,40,000 ರೂ. ಕಟ್ಟುತ್ತೀರಿ. ಸಾಲದ ಮೊದಲ ವರ್ಷಗಳಲ್ಲಿ ಇದರ ದೊಡ್ಡ ಪಾಲು ಬಡ್ಡಿಗೇ ಹೋಗುತ್ತದೆ. 1,90,000 ಬಡ್ಡಿ, 50,000 ಅಸಲು ಎಂದುಕೊಳ್ಳೋಣ. 1,21,800ರಿಂದ 1,90,000 ಕಳೆದರೆ 68,200 ರೂ. ನಷ್ಟ. ಅಂದರೆ ಈ ಬಾಡಿಗೆಯ ಮೇಲೆ ತೆರಿಗೆ ಇಲ್ಲ.

ಆ 68,200 ರೂ. ನಷ್ಟ ಏನಾಗುತ್ತದೆ? ಇದು ನೀವು ಯಾವ ಪದ್ಧತಿಯಲ್ಲಿ ಇದ್ದೀರಿ ಎಂಬುದನ್ನು ಅವಲಂಬಿಸಿದೆ. ಹಳೆ ಪದ್ಧತಿಯಲ್ಲಿದ್ದರೆ ಆ ನಷ್ಟವನ್ನು ಸಂಬಳ ಮುಂತಾದ ಇತರ ಆದಾಯದಿಂದ ಕಳೆಯಬಹುದು. ಮೊದಲು ಇದಕ್ಕೆ ಮಿತಿ ಇರಲಿಲ್ಲ. 2017-18ರ ಸಾಲಿನಿಂದ ವರ್ಷಕ್ಕೆ 2 ಲಕ್ಷ ರೂಪಾಯಿಯ ಮಿತಿ ಬಂತು. ಅದಕ್ಕಿಂತ ಹೆಚ್ಚಿನ ನಷ್ಟವನ್ನು ಮುಂದಿನ 8 ವರ್ಷಗಳ ಬಾಡಿಗೆ ಆದಾಯದಿಂದ ಕಳೆಯಬಹುದು.

ಹೊಸ ಪದ್ಧತಿಯಲ್ಲಿ ಹಾಗಲ್ಲ. ಬಾಡಿಗೆಯ ಮೊತ್ತಕ್ಕೆ ಬಡ್ಡಿ ಕಳೆಯಬಹುದು, ಇನ್ನೊಂದು ಮನೆಯ ಬಾಡಿಗೆ ಇದ್ದರೆ ಅದರಿಂದಲೂ ಕಳೆಯಬಹುದು. ಆದರೆ ಉಳಿದ ನಷ್ಟವನ್ನು ಸಂಬಳದಿಂದ ಕಳೆಯುವಂತಿಲ್ಲ. ನೀವೇ ವಾಸಿಸುವ ಮನೆಯ ಸಾಲದ ಬಡ್ಡಿಗೆ ಹೊಸ ಪದ್ಧತಿಯಲ್ಲಿ ಏನೂ ಸಿಗುವುದಿಲ್ಲ. ಹಳೆ ಪದ್ಧತಿಯಲ್ಲಿ ಅದಕ್ಕೆ 2 ಲಕ್ಷ ರೂಪಾಯಿವರೆಗೆ ಇದೆ.

2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ. ಹಳೆಯದು ಬೇಕೆಂದರೆ ಕೇಳಿ ಪಡೆಯಬೇಕು. ವ್ಯಾಪಾರದ ಆದಾಯವಿಲ್ಲದವರು ಗಡುವಿನೊಳಗೆ ಸಲ್ಲಿಸುವ ರಿಟರ್ನ್‌ನಲ್ಲೇ ಅದನ್ನು ತಿಳಿಸಬೇಕು. ಗಡುವು ದಾಟಿದರೆ ಆ ವರ್ಷಕ್ಕೆ ಹಳೆ ಪದ್ಧತಿಯ ಬಾಗಿಲು ಮುಚ್ಚಿದಂತೆ. ತಡವಾದದ್ದಕ್ಕೆ ದಂಡ ಮಾತ್ರ ಎಂದು ತಿಳಿದವರು ಈ ನಷ್ಟವನ್ನು ಲೆಕ್ಕ ಹಾಕಿರುವುದಿಲ್ಲ.

ಮನೆ ಒಬ್ಬರದು, ಸಾಲ ಇನ್ನೊಬ್ಬರದು

ಹೆಚ್ಚಿನ ಕುಟುಂಬಗಳು ಎಡವುವುದು ಇಲ್ಲಿ. ಬಡ್ಡಿಯ ರಿಯಾಯಿತಿ ಬೇಕಾದರೆ ಮನೆಯ ಮಾಲಕರೂ ಸಾಲಗಾರರೂ ಒಬ್ಬರೇ ಆಗಿರಬೇಕು. ನಮ್ಮ ಮನೆಗಳ ಮೂರು ಸಾಮಾನ್ಯ ಸಂದರ್ಭಗಳನ್ನು ನೋಡಿ.

ಮಗ ದುಬೈಯಲ್ಲಿದ್ದಾನೆ. ಊರಿನ ಜಾಗ ತಾಯಿಯ ಹೆಸರಿನಲ್ಲಿದೆ. ಆ ಜಾಗದಲ್ಲಿ ಮಗ ತನ್ನ ಹೆಸರಿನಲ್ಲಿ ಸಾಲ ಪಡೆದು ಎರಡು ಮನೆ ಕಟ್ಟಿಸಿ ಬಾಡಿಗೆಗೆ ಕೊಡಿಸುತ್ತಾನೆ. ಕಂತನ್ನು ಅವನೇ ಕಟ್ಟುತ್ತಾನೆ. ಬಾಡಿಗೆ ತಾಯಿಯ ಖಾತೆಗೆ ಬರುತ್ತದೆ. ಪ್ರೀತಿಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಏರ್ಪಾಟು ಬೇರೆ ಇಲ್ಲ. ತೆರಿಗೆಯ ದೃಷ್ಟಿಯಿಂದ ಮಾತ್ರ ತಾಯಿ ಮಾಲಕಿ, ಆಕೆಗೆ ಸಾಲವಿಲ್ಲ. ಮಗ ಸಾಲಗಾರ, ಅವನಿಗೆ ಮನೆಯಿಲ್ಲ. ಬಡ್ಡಿ ಇಬ್ಬರ ಲೆಕ್ಕಕ್ಕೂ ಬರುವುದಿಲ್ಲ.

ಎರಡನೆಯದು ಚಿನ್ನದ ಸಾಲ. ಮನೆಯ ಕೆಲಸ ಅರ್ಧಕ್ಕೆ ನಿಂತಾಗ ಪತ್ನಿಯ ಚಿನ್ನ ಬ್ಯಾಂಕಿಗೆ ಹೋಗುತ್ತದೆ. ಮನೆ ಸಾಲವೇ ಆಗಿರಬೇಕು ಎಂದು ಕಾನೂನು ಹೇಳುವುದಿಲ್ಲ. ಯಾವ ಸಾಲವಾದರೂ ಸರಿ, ಆ ಹಣ ಮನೆ ಕೊಳ್ಳಲು, ಕಟ್ಟಲು, ದುರಸ್ತಿ ಮಾಡಲು ಹೋಗಿರಬೇಕು ಅಷ್ಟೆ. ಚಿನ್ನದ ಸಾಲವೂ ಇದಕ್ಕೆ ಸಲ್ಲುತ್ತದೆ. ಆದರೆ ಸಾಲ ಪತ್ನಿಯ ಹೆಸರಿನಲ್ಲಿದ್ದು ಮನೆ ಪತಿಯ ಹೆಸರಿನಲ್ಲಿದ್ದರೆ ಮತ್ತದೇ ತೊಡಕು.

ಮೂರನೆಯದು ಇದರ ತಿರುವು. ಬಾಡಿಗೆ ಮನೆಯನ್ನು ಅಡವಿಟ್ಟು ಮಗಳ ಮದುವೆಗೋ ಮಗನ ವೀಸಾಕ್ಕೋ ಸಾಲ ಪಡೆಯುತ್ತಾರೆ. ಅಡವಿಟ್ಟದ್ದು ಮನೆಯನ್ನೇ, ಆದ್ದರಿಂದ ಮನೆಯ ಬಾಡಿಗೆಯಿಂದ ಬಡ್ಡಿ ಕಳೆಯಬಹುದು ಎಂದು ಭಾವಿಸುತ್ತಾರೆ. ಹಾಗಾಗುವುದಿಲ್ಲ. ಏನನ್ನು ಅಡವಿಟ್ಟಿರಿ ಎಂಬುದು ಮುಖ್ಯವಲ್ಲ, ಹಣ ಎಲ್ಲಿಗೆ ಹೋಯಿತು ಎಂಬುದು ಮುಖ್ಯ.

ಹಾಗಾದರೆ ಪರಿಹಾರವೇನು? ಸಾಲ ಪಡೆಯುವ ಮೊದಲೇ ಕುಳಿತು ಮಾತನಾಡುವುದು. ಬಾಡಿಗೆಯ ಆದಾಯ ಯಾರದ್ದಾಗಬೇಕು, ಕಂತನ್ನು ಯಾರು ಕಟ್ಟುತ್ತಾರೆ ಎಂದು ತೀರ್ಮಾನಿಸಿ, ಅವರ ಹೆಸರು ಎರಡೂ ಪತ್ರಗಳಲ್ಲಿ ಇರುವಂತೆ ನೋಡಿಕೊಳ್ಳಿ. ಇಬ್ಬರ ಹೆಸರಿನಲ್ಲಿ ಮನೆ, ಇಬ್ಬರ ಹೆಸರಿನಲ್ಲಿ ಸಾಲ ಇದ್ದರೆ ಅವರವರ ಪಾಲಿನ ಬಾಡಿಗೆಯಿಂದ ಅವರವರು ಕಟ್ಟುವ ಬಡ್ಡಿಯನ್ನು ಕಳೆಯಬಹುದು. ಪಾಲೆಷ್ಟು ಎಂಬುದನ್ನು ಪತ್ರದಲ್ಲೇ ಬರೆಸಿ. ಪತ್ರವಾದ ಮೇಲೆ ಹೆಸರು ಸೇರಿಸಲು ಹೋದರೆ ಮತ್ತೆ ನೋಂದಣಿ, ಮತ್ತೆ ಮುದ್ರಾಂಕ ಶುಲ್ಕ.

ಪತ್ನಿಯ ಹೆಸರಿಗೆ ಬರೆದರೆ ಸಾಕೇ?

ತೆರಿಗೆ ಉಳಿಯಲೆಂದು ಪತಿ ತನ್ನ ಬಾಡಿಗೆ ಮನೆಯನ್ನು ಪತ್ನಿಯ ಹೆಸರಿಗೆ ದಾನಪತ್ರ ಮಾಡಿಕೊಡುವುದುಂಟು. ಮನೆ ಆಕೆಯದಾಗುತ್ತದೆ ನಿಜ. ಆದರೆ ತಕ್ಕ ಪ್ರತಿಫಲವಿಲ್ಲದೆ ಪತ್ನಿಗೆ ಅಥವಾ ಅಪ್ರಾಪ್ತ ಮಕ್ಕಳಿಗೆ ಕೊಟ್ಟ ಮನೆಗೆ, ತೆರಿಗೆಯ ಮಟ್ಟಿಗೆ ಕೊಟ್ಟವರೇ ಮಾಲಕರೆಂದು ಕಾನೂನು ಪರಿಗಣಿಸುತ್ತದೆ. ಬಾಡಿಗೆ ಪತಿಯ ಲೆಕ್ಕಕ್ಕೇ ಬರುತ್ತದೆ. ವಿವಾಹಿತ ಮಗಳು ಅಪ್ರಾಪ್ತಳಾಗಿದ್ದರೆ ಮತ್ತು ಬೇರೆಯಾಗಿ ಬಾಳುವ ಒಪ್ಪಂದದಲ್ಲಿ ಪತ್ನಿಗೆ ಕೊಟ್ಟದ್ದಾದರೆ ಈ ನಿಯಮವಿಲ್ಲ.

ಪತ್ನಿಯ ಸ್ವಂತ ಹಣ ಮನೆಗೆ ಹೋಗಿದ್ದರೆ ವಿಷಯ ಬೇರೆ. ತವರಿನಿಂದ ಬಂದ ಪಾಲು, ಶಿಕ್ಷಕಿಯಾಗಿ ದುಡಿದ ಸಂಬಳ, ಆಕೆಯ ಸ್ವಂತ ಚಿನ್ನ ಮಾರಿದ ಹಣ, ಇವು ಆಕೆಯವು. ಅಷ್ಟರ ಮಟ್ಟಿಗೆ ಮನೆಯೂ ಆಕೆಯದು, ಬಾಡಿಗೆಯೂ ಆಕೆಯದು. ನಮ್ಮಲ್ಲಿ ಆಗುವುದೇನು? ಚಿನ್ನ ಮಾರಿದ ಹಣ ನಗದಾಗಿ ಮೇಸ್ತ್ರಿಯ ಕೈಗೆ ಹೋಗುತ್ತದೆ. ಪತ್ರದಲ್ಲಿ ಪತಿಯ ಹೆಸರೊಂದೇ ಇರುತ್ತದೆ. ಆಕೆಯ ಪಾಲು ಎಲ್ಲಿಯೂ ದಾಖಲಾಗುವುದಿಲ್ಲ. ತೆರಿಗೆಯ ಮಾತು ಹಾಗಿರಲಿ, ನಾಳೆ ಕಷ್ಟಕಾಲ ಬಂದರೆ ಆಕೆಯ ಬಳಿ ತೋರಿಸಲು ಏನಿದೆ? ಚಿನ್ನ ಮಾರಿದ ಬಿಲ್ಲು ಇಟ್ಟುಕೊಳ್ಳಿ. ಹಣ ನಿಮ್ಮ ಖಾತೆಗೆ ಬಂದು, ಅಲ್ಲಿಂದಲೇ ಮನೆಗೆ ಹೋಗಲಿ. ಇದು ಪತಿಯ ಮೇಲಿನ ಅಪನಂಬಿಕೆಯಲ್ಲ, ಲೆಕ್ಕದ ಶಿಸ್ತು.

ಮಹ್ರ್ ಬಗ್ಗೆಯೂ ಒಂದು ಮಾತು. ಕೊಡದೆ ಉಳಿದ ಮಹ್ರ್ ಪತಿಯ ಮೇಲಿರುವ ಸಾಲ. ಆ ಸಾಲದ ಬದಲಾಗಿ ಬರೆದುಕೊಟ್ಟ ಮನೆ ಉಚಿತ ದಾನವಲ್ಲ. ಪತ್ರದಲ್ಲಿ "ಪ್ರೀತಿಯಿಂದ ಕೊಟ್ಟದ್ದು" ಎಂದು ಬರೆಸಿ ಮುಗಿಸಬೇಡಿ. ಮಹ್ರ್ ಎಷ್ಟು, ಅದಕ್ಕೆ ಪ್ರತಿಯಾಗಿ ಏನು ಕೊಡಲಾಗಿದೆ ಎಂದು ಸ್ಪಷ್ಟವಾಗಿ ನಮೂದಿಸಿ. ಎರಡರ ಬೆಲೆಯೂ ಹೊಂದಿಕೆಯಾಗಬೇಕು. ಹತ್ತು ಸಾವಿರದ ಮಹ್ರ್‌ಗೆ ಐವತ್ತು ಲಕ್ಷದ ಮನೆ ಎಂದರೆ ಯಾವ ಅಧಿಕಾರಿಯೂ ಅದನ್ನು ತಕ್ಕ ಪ್ರತಿಫಲವೆಂದು ಒಪ್ಪಲಾರ.

ಮನೆಯ ಯಜಮಾನ ತೀರಿಕೊಂಡ ಮೇಲೆ ಬಾಡಿಗೆ ಒಬ್ಬರ ಕೈಗೆ ಬರುತ್ತಿದ್ದರೂ ಅದು ಒಬ್ಬರ ಆದಾಯವಲ್ಲ. ವಾರಸುದಾರರ ಪಾಲುಗಳು ನಮ್ಮಲ್ಲಿ ನಿಶ್ಚಿತವಾಗಿವೆ. ಮಕ್ಕಳಿರುವ ವಿಧವೆಗೆ ಎಂಟನೇ ಒಂದು ಪಾಲು, ಉಳಿದವರಿಗೆ ಅವರವರ ಪಾಲು. ಪಾಲು ನಿಶ್ಚಿತವಿದ್ದಲ್ಲಿ ತೆರಿಗೆಯೂ ಪಾಲಿನಂತೆ ಬೇರೆ ಬೇರೆ. ಇಡೀ ಬಾಡಿಗೆಯನ್ನು ತಾಯಿಯ ಅಥವಾ ಹಿರಿಯ ಮಗನ ತಲೆಗೆ ಕಟ್ಟುವುದು ಕಾನೂನಿಗೂ ಸರಿಯಲ್ಲ, ಹೆಣ್ಣುಮಕ್ಕಳ ಪಾಲಿಗೂ ಒಳ್ಳೆಯದಲ್ಲ.

ಗಲ್ಫ್‌ನಲ್ಲಿರುವ ಮಾಲಕರು

ಅನಿವಾಸಿಯ ವಿದೇಶದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಆದರೆ ಮಂಗಳೂರು, ಭಟ್ಕಳ, ಬೆಂಗಳೂರಿನಲ್ಲಿರುವ ಅವರ ಕಟ್ಟಡದ ಬಾಡಿಗೆ ಭಾರತದ ಆದಾಯ. ಅವರಿಗೆ ಬಾಡಿಗೆ ಕೊಡುವವರು ಮೂಲದಲ್ಲೇ ತೆರಿಗೆ ಹಿಡಿಯಬೇಕು. ದರ ಶೇ. 30, ಸೆಸ್ ಸೇರಿ ಶೇ. 31.2. ಮಾಲಕರು ಊರಲ್ಲೇ ಇರುವವರಾದರೆ, ಮನೆಯ ಬಾಡಿಗೆ ತಿಂಗಳಿಗೆ 50,000 ರೂ. ದಾಟಿದಾಗ ಮಾತ್ರ ಸಾಮಾನ್ಯ ಬಾಡಿಗೆದಾರ ತೆರಿಗೆ ಹಿಡಿಯಬೇಕು. 2024ರ ಅಕ್ಟೋಬರ್ 1ರಿಂದ ಆ ದರ ಶೇ. 2. ಅನಿವಾಸಿ ಮಾಲಕರಿಗೆ ಅಂತಹ ಕೆಳಮಿತಿ ಇಲ್ಲ.

15,000 ರೂ. ಬಾಡಿಗೆಯಲ್ಲಿ ತಿಂಗಳಿಗೆ 4,680 ರೂ. ಹೀಗೆ ಹಿಡಿದುಹೋದರೆ ವರ್ಷಕ್ಕೆ 56,160 ರೂ. ಆಗುತ್ತದೆ. ನಾವು ಮಾಡಿದ ಲೆಕ್ಕದಂತೆ ಆ ಮನೆಯ ಮೇಲೆ ನಿಜವಾಗಿ ಇರುವ ತೆರಿಗೆ ಸೊನ್ನೆ. ಆ ಹಣ ಮರಳಿ ಬರಬೇಕಾದರೆ ರಿಟರ್ನ್ ಸಲ್ಲಿಸಲೇಬೇಕು. ಬೇರೆ ದಾರಿ ಇಲ್ಲ. "ಎನ್ನಾರೈಗೆ ರಿಟರ್ನ್ ಬೇಡ" ಎಂಬ ಮಾತನ್ನು ನಂಬಿ ಸುಮ್ಮನಿದ್ದರೆ, ಬೆವರು ಸುರಿಸಿದ ಹಣ ಸರಕಾರದ ಖಾತೆಯಲ್ಲೇ ಉಳಿಯುತ್ತದೆ. ತೆರಿಗೆ ಇಲ್ಲವೆಂದು ಮೊದಲೇ ಗೊತ್ತಿದ್ದರೆ, ಕಡಿಮೆ ದರದಲ್ಲಿ ಹಿಡಿಯುವಂತೆ ಆದಾಯ ತೆರಿಗೆ ಅಧಿಕಾರಿಯಿಂದ ಪ್ರಮಾಣಪತ್ರವನ್ನೂ ಪಡೆಯಬಹುದು.

ನೀವು ಬಾಡಿಗೆದಾರರಾಗಿದ್ದು, ಮಾಲಕರು ವಿದೇಶದಲ್ಲಿದ್ದರೆ ಎಚ್ಚರವಿರಲಿ. ತೆರಿಗೆ ಹಿಡಿಯುವ ಹೊಣೆ ನಿಮ್ಮದು. ಹಿಡಿಯದೆ ಪೂರ್ತಿ ಬಾಡಿಗೆ ಕೊಟ್ಟರೆ ಇಲಾಖೆ ನಿಮ್ಮನ್ನೇ ಕೇಳಬಹುದು.

ಇನ್ನು ಊರಿನಲ್ಲಿ ಬೀಗ ಹಾಕಿಟ್ಟ ಮನೆಯ ಬಗ್ಗೆ ಭಯ ಬೇಡ. ಬಾಡಿಗೆಗೆ ಕೊಡದ ಎರಡು ಮನೆಗಳವರೆಗೆ ಆದಾಯ ಸೊನ್ನೆ ಎಂದೇ ಕಾನೂನು ಪರಿಗಣಿಸುತ್ತದೆ.

ಬಡ್ಡಿಯಿಲ್ಲದ ಸಾಲ

ಬಡ್ಡಿಯಿಂದ ದೂರವಿರಲು ಬಯಸಿ ಸಹೋದರನಿಂದಲೋ ಬಂಧುಗಳಿಂದಲೋ ಕೈಸಾಲ ಪಡೆದು ಮನೆ ಕಟ್ಟಿದವರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಅವರಿಗೆ ಒಂದು ಬೇಸರವಿದೆ. "ಬಡ್ಡಿ ಕೊಟ್ಟವರಿಗೆ ತೆರಿಗೆ ರಿಯಾಯಿತಿ, ಕೊಡದವರಿಗೆ ಏನೂ ಇಲ್ಲ. ಇದೆಂತಹ ನ್ಯಾಯ?" ಕಾನೂನು ಹಾಗೆಯೇ ಇದೆ. ಬಡ್ಡಿ ಇಲ್ಲದಿದ್ದರೆ ಕಳೆಯಲು ಏನೂ ಇಲ್ಲ. ಆದರೆ ಮನೆ ತೆರಿಗೆ ಮತ್ತು ಶೇ. 30ರ ರಿಯಾಯಿತಿ ಅವರಿಗೂ ಪೂರ್ತಿ ಇದೆ. ಸಾಲಕ್ಕೆ ತಗಲುವ ಸೇವಾ ಶುಲ್ಕವನ್ನೂ ಆದಾಯ ತೆರಿಗೆ ಕಾಯ್ದೆ "ಬಡ್ಡಿ" ಎಂಬ ಪದದ ವ್ಯಾಖ್ಯೆಯೊಳಗೇ ಸೇರಿಸಿದೆ. ಧಾರ್ಮಿಕವಾಗಿ ಅದು ಬಡ್ಡಿಯೋ ಅಲ್ಲವೋ ಎಂಬುದು ಬೇರೆ ಪ್ರಶ್ನೆ, ಅದನ್ನು ವಿದ್ವಾಂಸರಲ್ಲಿ ಕೇಳಬೇಕು. ಇಲ್ಲಿರುವುದು ತೆರಿಗೆ ಕಾನೂನಿನ ಅರ್ಥ ಮಾತ್ರ.

ಹಾಗಾದರೆ ಬಡ್ಡಿ ಸಾಲ ಮಾಡಿದವರು ಗೆದ್ದರೇ? ಲೆಕ್ಕ ನೋಡಿ. ಹಳೆ ಪದ್ಧತಿಯಲ್ಲಿ ಅತ್ಯಂತ ಮೇಲಿನ ಶೇ. 30ರ ದರದಲ್ಲಿ ತೆರಿಗೆ ಕಟ್ಟುವವರು 1,90,000 ರೂ. ಬಡ್ಡಿ ಕೊಟ್ಟರೆ ಸೆಸ್ ಸೇರಿ ಉಳಿಯುವ ತೆರಿಗೆ 59,280 ರೂ. ಉಳಿದ 1,30,720 ರೂ. ಹೋದದ್ದು ಹೋಯಿತು. ಇದು ಅತ್ಯಂತ ಹೆಚ್ಚು ಲಾಭವಾಗುವವರ ಲೆಕ್ಕ.

ಇನ್ನೊಂದು ಉದಾಹರಣೆ. ಅನಿವಾಸಿಯೊಬ್ಬರ ಕಟ್ಟಡಕ್ಕೆ ತಿಂಗಳಿಗೆ 60,000 ರೂ. ಬಾಡಿಗೆ, ವರ್ಷಕ್ಕೆ 7,20,000. ಮನೆ ತೆರಿಗೆ 20,000 ಕಳೆದರೆ 7 ಲಕ್ಷ. ಶೇ. 30 ಕಳೆದರೆ 4,90,000. ಬೇರೆ ಆದಾಯವಿಲ್ಲ, ಬಡ್ಡಿಯೂ ಇಲ್ಲ ಎಂದುಕೊಳ್ಳಿ. 2025-26ರಿಂದ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ. ಉಳಿದ 90,000ಕ್ಕೆ ಶೇ. 5ರಂತೆ 4,500, ಸೆಸ್ 180, ಒಟ್ಟು 4,680 ರೂ. ಇವರು 3 ಲಕ್ಷ ಬಡ್ಡಿ ಕಟ್ಟುತ್ತಿದ್ದರೆ ಆ 4,680 ರೂ. ಉಳಿಯುತ್ತಿತ್ತು. ಅದನ್ನು ಉಳಿಸಲು 3 ಲಕ್ಷ ಕೊಟ್ಟಂತಾಯಿತು.

ಊರಲ್ಲೇ ಇರುವವರಿಗೆ ಹೊಸ ಪದ್ಧತಿಯಲ್ಲಿ ಇನ್ನೂ ಒಂದು ಅನುಕೂಲವಿದೆ. ಸಂಬಳ, ಬಾಡಿಗೆಯಂತಹ ಆದಾಯ ಒಟ್ಟು 12 ಲಕ್ಷ ಮೀರದಿದ್ದರೆ ರಿಬೇಟ್‌ನಿಂದಾಗಿ ತೆರಿಗೆ ಸೊನ್ನೆಯಾಗುತ್ತದೆ. ಅನಿವಾಸಿಗಳಿಗೆ ಈ ರಿಬೇಟ್ ಇಲ್ಲ. ಆದ್ದರಿಂದ "ತೆರಿಗೆ ಉಳಿಯುತ್ತದೆ, ಸಾಲ ಮಾಡಿ" ಎಂದು ಯಾರಾದರೂ ಹೇಳಿದರೆ ಕಾಗದ ಪೆನ್ಸಿಲು ಹಿಡಿದು ಮೊದಲು ಲೆಕ್ಕ ಹಾಕಿ. ಸಾಲ ಮಾಡಿಯಾಗಿದ್ದರೆ ಸಿಗಬೇಕಾದ ರಿಯಾಯಿತಿಯನ್ನು ಬಿಡಬೇಡಿ. ರಿಯಾಯಿತಿಗಾಗಿಯೇ ಸಾಲ ಮಾಡಬೇಡಿ.

ಗೊತ್ತಿರಬೇಕಾದ ಇನ್ನಷ್ಟು

ಮನೆ ಕಟ್ಟುತ್ತಿರುವಾಗ ಕಟ್ಟಿದ ಬಡ್ಡಿ ವ್ಯರ್ಥವಾಗುವುದಿಲ್ಲ. ಮನೆ ಪೂರ್ತಿಯಾದ ಹಣಕಾಸು ವರ್ಷಕ್ಕಿಂತ ಹಿಂದಿನ ಮಾರ್ಚ್ 31ರವರೆಗಿನ ಬಡ್ಡಿಯನ್ನು ಒಟ್ಟು ಮಾಡಿ, ಐದು ಸಮಾನ ಭಾಗ ಮಾಡಿ, ಪೂರ್ತಿಯಾದ ವರ್ಷದಿಂದ ಐದು ವರ್ಷ ಕಳೆಯಬಹುದು. ಎರಡೂವರೆ ಲಕ್ಷ ಕಟ್ಟಿದ್ದರೆ ವರ್ಷಕ್ಕೆ 50,000 ರೂ.

ಬಡ್ಡಿಯನ್ನು ಆ ವರ್ಷಕ್ಕೆ ಸಲ್ಲಬೇಕಾದ ಲೆಕ್ಕದಲ್ಲಿ ಕಳೆಯಲಾಗುತ್ತದೆ. ಕಷ್ಟದಿಂದ ಕೆಲವು ಕಂತು ಬಾಕಿ ಉಳಿದರೂ ಆ ವರ್ಷದ ಬಡ್ಡಿಯ ರಿಯಾಯಿತಿ ತಪ್ಪುವುದಿಲ್ಲ. ಆದರೆ ಬಾಕಿಯಾದ ಬಡ್ಡಿಯ ಮೇಲೆ ಬೀಳುವ ಬಡ್ಡಿಗೆ ರಿಯಾಯಿತಿ ಇಲ್ಲ. ಸುಪ್ರೀಂ ಕೋರ್ಟ್ 1973ರಲ್ಲೇ ಇದನ್ನು ತೀರ್ಮಾನಿಸಿದೆ.

ಬಾಡಿಗೆಯನ್ನು ಮುಚ್ಚಿಟ್ಟು ಬಡ್ಡಿಯನ್ನು ಮಾತ್ರ ತೋರಿಸುವವರೂ ಇದ್ದಾರೆ. ಇದು ಪ್ರಾಮಾಣಿಕತೆಗೆ ವಿರುದ್ಧ ಎಂಬುದನ್ನು ಹೇಳಬೇಕಾಗಿಲ್ಲ, ಜಾಣತನವೂ ಅಲ್ಲ. ಸಂಬಳದಾರ ಬಾಡಿಗೆದಾರ ಮನೆ ಬಾಡಿಗೆ ಭತ್ಯೆಯ ರಿಯಾಯಿತಿ ಪಡೆಯುವಾಗ, ವರ್ಷದ ಬಾಡಿಗೆ ಲಕ್ಷ ದಾಟಿದರೆ ಮಾಲಕರ ಪ್ಯಾನ್ ಸಂಖ್ಯೆ ಕೊಡಬೇಕು. ಅಲ್ಲಿಗೆ ಇಲಾಖೆಗೆ ಎಲ್ಲವೂ ತಿಳಿಯುತ್ತದೆ.

ಬಡ್ಡಿ ಕಳೆಯುವವರು ಈಗ ರಿಟರ್ನ್‌ನಲ್ಲಿ ಸಾಲ ಕೊಟ್ಟವರ ಹೆಸರು, ಸಾಲದ ಖಾತೆ ಸಂಖ್ಯೆ, ಮಂಜೂರಾದ ದಿನಾಂಕ, ಮೊತ್ತ, ಉಳಿದಿರುವ ಬಾಕಿ ಇವನ್ನೆಲ್ಲ ತುಂಬಬೇಕು. ಆದ್ದರಿಂದ ಮನೆಯಲ್ಲಿ ಒಂದು ಫೈಲು ಮಾಡಿ. ಕ್ರಯಪತ್ರದ ಪ್ರತಿ, ಸಾಲ ಮಂಜೂರಾತಿ ಪತ್ರ, ಬ್ಯಾಂಕ್ ಪ್ರತಿ ವರ್ಷ ಕೊಡುವ ಬಡ್ಡಿ ಪ್ರಮಾಣಪತ್ರ, ಮನೆ ತೆರಿಗೆ ರಸೀದಿ, ಬಾಡಿಗೆ ಕರಾರು, ಬಾಡಿಗೆ ಜಮೆಯಾದ ಖಾತೆಯ ವಿವರ ಎಲ್ಲವೂ ಅದರಲ್ಲಿರಲಿ. ಏಪ್ರಿಲ್ ತಿಂಗಳಲ್ಲೇ ಬ್ಯಾಂಕಿನಿಂದ ಬಡ್ಡಿ ಪ್ರಮಾಣಪತ್ರ ಕೇಳಿ ಪಡೆಯಿರಿ. ಸಂಬಳದಾರರಿಗೂ ಬಾಡಿಗೆ ಆದಾಯದವರಿಗೂ ರಿಟರ್ನ್‌ನ ಸಾಮಾನ್ಯ ಗಡುವು ಜುಲೈ 31. ಕೊನೆಯ ವಾರದಲ್ಲಿ ಓಡಾಡುವುದಕ್ಕಿಂತ ಜೂನ್‌ನಲ್ಲೇ ಫೈಲು ಹಿಡಿದುಕೊಂಡು ಒಬ್ಬ ತೆರಿಗೆ ಸಲಹೆಗಾರರನ್ನು ಕಾಣುವುದು ಒಳ್ಳೆಯದು.

ಸಲಹೆಗಾರರ ಬಳಿ ಪತಿಯನ್ನೋ ಮಗನನ್ನೋ ಕಳುಹಿಸಿ ಸುಮ್ಮನಾಗಬೇಡಿ, ನೀವೂ ಹೋಗಿ. ನಿಮ್ಮ ಹೆಸರಿನಲ್ಲಿ ಏನಿದೆ, ಏನಿಲ್ಲ, ನಿಮ್ಮ ಸಹಿಯ ಮೇಲೆ ಏನು ಬರೆದಿದ್ದಾರೆ ಎಂದು ಕೇಳಿ ತಿಳಿಯಿರಿ. ಸಹಿ ಹಾಕಿದವರಿಗೆ ಓದುವ ಹಕ್ಕೂ ಇದೆ, ಓದುವ ಹೊಣೆಯೂ ಇದೆ.